ಗೆಲ್ಲುವವರು ಯಾರು?

ಕಾಲೇಜಿಗೆ ಹೋಗುವ ಮಗಳು ಆಟದ ತಂಡದಲ್ಲಿದ್ದರೆ, ವರ್ಷಕ್ಕೊಮ್ಮೆ ಆ ಮನೆಯಲ್ಲಿ ಈ ಪ್ರಶ್ನೆ ಎದ್ದೇ ಏಳುತ್ತದೆ. "ಅಮ್ಮಾ, ಈ ಸಲ ಕಪ್ಪು ಯಾರಿಗೆ ಅಂತೀಯ?" ನಾವು ಒಗ್ಗರಣೆ ಹಾಕುತ್ತಲೇ "ನಿಮಗೇ ಬಿಡೇ" ಅಂದುಬಿಡುತ್ತೇವೆ. ಅಜ್ಜಿ ಇದ್ದರೆ ಹಲ್ಲಿ ಲೊಚಗುಟ್ಟಿದ್ದನ್ನು ನೋಡಿ ಹೇಳುತ್ತಾರೆ. ಅಪ್ಪ ಪೇಪರಿನಿಂದ ತಲೆ ಎತ್ತದೆ "ಮೊದಲನೇ ಪಂದ್ಯಕ್ಕೇ ವಾಪಸು ಬರ್ತೀರಿ" ಅಂತಾರೆ. ಮೂವರೂ ಭವಿಷ್ಯ ಹೇಳಿದ ಹಾಗಾಯಿತು, ಆದರೆ ಪಂದ್ಯದ ಬಗ್ಗೆ ಯೋಚನೆ ಮಾಡಿದವರು ಒಬ್ಬರೂ ಇಲ್ಲ.

ನಮ್ಮ ದುರ್ಗದ ಸೀಮೆಯಲ್ಲಿ, ಹಿರಿಯೂರಾಗಲಿ, ಹೊಸದುರ್ಗವಾಗಲಿ, ಹೊಳಲ್ಕೆರೆಯಾಗಲಿ, ಹೆಣ್ಣುಮಕ್ಕಳ ಆಟವೆಂದರೆ ಮೊದಲು ನೆನಪಾಗುವುದು ಖೋ ಖೋ, ಕಬಡ್ಡಿ. ಹಾಕಿ ಎಂದರೆ ಅದು ಕೊಡಗಿನವರದು ಎಂಬ ಭಾವನೆ ನಮ್ಮಲ್ಲಿ ಬಹಳ ಮಂದಿಗೆ. ಅದು ಸುಳ್ಳೂ ಅಲ್ಲ. 1997ರಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಉತ್ಸವ ಅಲ್ಲಿ ಮನೆಹಬ್ಬದ ಹಾಗೆ. ಆದರೆ ಒನಕೆ ಹಿಡಿದ ಓಬವ್ವನ ಊರಿನ ಹುಡುಗಿಗೆ ಹಾಕಿ ಕೋಲು ಏನು ಭಾರವೇ? ನನ್ನ ಮಗಳು ಅದನ್ನು ಹಿಡಿದ ಮೇಲೆ ನಾನೂ ಆಟ ನೋಡುವುದನ್ನು ಕಲಿತೆ. ಪಂದ್ಯಾವಳಿಯ ಫಲಿತಾಂಶ ಊಹಿಸುವುದು ಹೇಗೆ, ಆ ಊಹೆಯನ್ನು ಎಷ್ಟು ನಂಬಬಹುದು ಎಂಬುದನ್ನು ನನ್ನಂಥ ತಾಯಂದಿರಿಗಾಗಿ ಬರೆಯುತ್ತಿದ್ದೇನೆ.

ಮೊದಲು ಪಟ್ಟಿ ಓದಿ

ಪಂದ್ಯಾವಳಿಗಳು ಮುಖ್ಯವಾಗಿ ಎರಡು ಬಗೆ. ಒಂದು ನಾಕೌಟ್: ಸೋತವರು ಅಲ್ಲಿಗೇ ಮನೆಗೆ. 16 ತಂಡಗಳಿದ್ದರೆ ಒಟ್ಟು 15 ಪಂದ್ಯ. ಕಪ್ಪು ಗೆಲ್ಲುವವರು ಸತತ ನಾಲ್ಕು ಗೆಲ್ಲಬೇಕು. ಇನ್ನೊಂದು ಲೀಗ್: ಪ್ರತಿ ತಂಡವೂ ಮಿಕ್ಕೆಲ್ಲ ತಂಡಗಳ ಜೊತೆ ಆಡುತ್ತದೆ. ನಾಲ್ಕು ತಂಡಗಳ ಲೀಗ್ ಆದರೆ ಆರು ಪಂದ್ಯ. ಗೆದ್ದರೆ 3 ಅಂಕ, ಸಮ ಆದರೆ 1, ಸೋತರೆ ಸೊನ್ನೆ. ಇಬ್ಬರ ಅಂಕ ಒಂದೇ ಆಗಿ ನಿಂತರೆ ಯಾರು ಹೆಚ್ಚು ಪಂದ್ಯ ಗೆದ್ದಿದ್ದಾರೆಂದು ಮೊದಲು ನೋಡುತ್ತಾರೆ. ಅದೂ ಒಂದೇ ಆದರೆ, ಹೊಡೆದ ಗೋಲಿನಲ್ಲಿ ಬಿಟ್ಟುಕೊಟ್ಟ ಗೋಲು ಕಳೆದು ಉಳಿದದ್ದೆಷ್ಟು ಎಂಬ ಲೆಕ್ಕ. ಆದ್ದರಿಂದ ಸೋಲುವಾಗಲೂ 0-5ಕ್ಕಿಂತ 0-1ರಲ್ಲಿ ಸೋಲುವುದಕ್ಕೆ ಬೆಲೆಯಿದೆ.

ಪಟ್ಟಿಯಲ್ಲಿ ನಿಮ್ಮ ಹುಡುಗಿಯ ತಂಡ ಯಾವ ಕಡೆ ಬಿದ್ದಿದೆ ನೋಡಿ. ಹೋದ ವರ್ಷ ಗೆದ್ದವರು ಅದೇ ಕಡೆ ಇದ್ದರೆ ದಾರಿ ಕಷ್ಟ. ಕೆಲವು ತಂಡಗಳಿಗೆ ಮೊದಲ ಸುತ್ತಿನಲ್ಲಿ ಆಟವೇ ಇರುವುದಿಲ್ಲ. ಅದಕ್ಕೆ 'ಬೈ' ಅಂತಾರೆ. ಅವರಿಗೆ ಒಂದು ದಿನದ ದಣಿವು ಉಳಿಯಿತು.

ಹಪ್ಪಳದ ಲೆಕ್ಕ

ಒಂದು ತಂಡ ಬಹಳ ಚೆನ್ನಾಗಿದೆ, ಹತ್ತು ಸಲ ಆಡಿದರೆ ಎಂಟು ಸಲ ಗೆಲ್ಲುತ್ತದೆ ಅನ್ನಿ. ಕಪ್ಪು ಅವರಿಗೇ ಅಂತ ಕಣ್ಣುಮುಚ್ಚಿ ಹೇಳಿಬಿಡಬಹುದು ಅನಿಸುತ್ತದೆ, ಅಲ್ಲವೆ? ಸ್ವಲ್ಪ ತಾಳಿ.

ನೀವು 100 ಹಪ್ಪಳ ಮಾಡಿದಿರಿ ಅಂದುಕೊಳ್ಳಿ. ಲಟ್ಟಿಸುವಾಗ ಐದರಲ್ಲೊಂದು ಹರಿಯಿತು, ಉಳಿದದ್ದು 80. ಒಣಗುವಾಗ ಮತ್ತೆ ಐದರಲ್ಲೊಂದು ಸೀಳಿತು, ಉಳಿದದ್ದು 64. ಡಬ್ಬಿಗೆ ತುಂಬುವಾಗ ಐದರಲ್ಲೊಂದು ಮುರಿಯಿತು, ಉಳಿದದ್ದು 51. ಕರಿಯುವಾಗ ಐದರಲ್ಲೊಂದು ಚೂರಾಯಿತು. ಎಲೆಗೆ ಇಡಿಯಾಗಿ ಬಂದದ್ದು 41! ಪ್ರತಿ ಹಂತದಲ್ಲೂ ನಿಮ್ಮ ಕೈ ಪಳಗಿದ್ದೇ. ಆದರೂ ಅರ್ಧಕ್ಕಿಂತ ಕಡಿಮೆ ಉಳಿಯಿತು. ಹಾಗೆಯೇ ಎಲ್ಲರಿಗಿಂತ ಬಲವಾದ ತಂಡ ಕೂಡ ನಾಲ್ಕು ನಾಕೌಟ್ ಪಂದ್ಯ ದಾಟಿ ಕಪ್ಪು ಎತ್ತುವುದು ನೂರಕ್ಕೆ 41 ಸಲ. ಮಿಕ್ಕ 59 ಸಲ ಅದು ಬೇರೆ ಯಾರದೋ ಕೈಗೆ ಹೋಗುತ್ತದೆ. ಅಂದಮೇಲೆ "ಅವರೇ ಗೆಲ್ಲೋದು" ಎನ್ನುವವರ ಮಾತು ಹೆಚ್ಚಿನ ಸಲ ತಪ್ಪುವುದೇ ಸಹಜ.

ಊಹಿಸುವವರು ಗಮನಿಸಬೇಕಾದದ್ದು

ಹಾಗಂತ ಊಹೆಯೇ ಬೇಡವೆಂದಲ್ಲ. ಇಷ್ಟು ನೋಡಿಕೊಂಡರೆ ನಿಮ್ಮ ಮಾತಿಗೆ ತೂಕ ಬರುತ್ತದೆ.

1. ಗೋಲ್‌ಕೀಪರ್: ಚಿಕ್ಕ ಪಂದ್ಯಾವಳಿಯಲ್ಲಿ ಒಳ್ಳೆಯ ಗೋಲ್‌ಕೀಪರ್ ಇರುವ ತಂಡವನ್ನು ಎಂದೂ ಹಗುರವಾಗಿ ಎಣಿಸಬೇಡಿ. ಉಳಿದ ಹತ್ತು ಜನ ಸಾಧಾರಣವಾಗಿದ್ದರೂ ಅವಳೊಬ್ಬಳು ಪಂದ್ಯ ಉಳಿಸಬಲ್ಲಳು.

2. ಪೆನಾಲ್ಟಿ ಕಾರ್ನರ್: ಗೋಲಿನ ಮುಂದೆ ಅರ್ಧಚಂದ್ರದಂಥ ಗೆರೆ ಇರುತ್ತದೆ, ಅದಕ್ಕೆ 'ಡಿ' ಅನ್ನುತ್ತಾರೆ. ಅದರೊಳಗೆ ಎದುರಾಳಿ ತಪ್ಪು ಮಾಡಿದರೆ ಈ ಅವಕಾಶ ಸಿಗುತ್ತದೆ. ತಡೆಯುವವರು ಗೋಲ್‌ಕೀಪರ್ ಸೇರಿ ಐದೇ ಜನ. ಇದನ್ನು ಗೋಲಾಗಿಸಬಲ್ಲ ಒಬ್ಬ ಹುಡುಗಿಯಿದ್ದರೂ ತಂಡಕ್ಕೆ ದೊಡ್ಡ ಬಲ.

3. ಮೈದಾನ: ಮಣ್ಣಿನ ಮೇಲೆ ಅಭ್ಯಾಸ ಮಾಡಿದವರು ಆಸ್ಟ್ರೋಟರ್ಫ್ ಎಂಬ ಕೃತಕ ಹುಲ್ಲಿನ ಮೇಲೆ ಇಳಿದರೆ ಚೆಂಡಿನ ವೇಗಕ್ಕೆ ಹೊಂದಿಕೊಳ್ಳುವಷ್ಟರಲ್ಲಿ ಒಂದೆರಡು ಗೋಲು ಆಗಿಹೋಗಿರುತ್ತದೆ. ಸೌದೆ ಒಲೆಯಲ್ಲಿ ಮಾಡಿದ ಕೈ ಮೊದಲ ಸಲ ಗ್ಯಾಸ್ ಒಲೆ ಮುಂದೆ ನಿಂತ ಹಾಗೆ.

4. ದಣಿವು: ದಿನಾ ಒಂದು ಪಂದ್ಯ ಇದ್ದರೆ ಹೊರಗೆ ಕೂತಿರುವ ಬದಲಿ ಹುಡುಗಿಯರನ್ನು ನೋಡಿ. ಹಾಕಿಯಲ್ಲಿ ಆಟದ ನಡುವೆ ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು. ಹನ್ನೊಂದು ಜನ ಮಾತ್ರ ಗಟ್ಟಿಯಿರುವ ತಂಡ ಮೂರನೇ ದಿನಕ್ಕೆ ಸೋಲುತ್ತದೆ.

5. ಸಿಟ್ಟು: ಹಸಿರು ಕಾರ್ಡು ಕಂಡರೆ ಎರಡು ನಿಮಿಷ ಹೊರಗೆ, ಹಳದಿಗೆ ಕಡಿಮೆಯೆಂದರೆ ಐದು ನಿಮಿಷ, ಕೆಂಪಿಗೆ ಆ ಪಂದ್ಯವೇ ಇಲ್ಲ. ಜಗಳಗಂಟಿ ತಂಡ ಹತ್ತೇ ಜನರಲ್ಲಿ ಆಡಬೇಕಾಗುತ್ತದೆ.

ದೊಡ್ಡವರ ಊಹೆಯೂ ತಲೆಕೆಳಗು

ಕೆಲವು ಕಾಲದಲ್ಲಿ ಊಹೆ ಸುಲಭ. 1960ರಿಂದ 1967ರವರೆಗೆ ಆಗಿನ ಮೈಸೂರು ರಾಜ್ಯದ ವನಿತೆಯರ ತಂಡ ಏಳು ಸಲ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ನಾಯಕಿ ಬೆಂಗಳೂರಿನ ಎಲ್ವೆರಾ ಬ್ರಿಟ್ಟೊ. ಅವರ ತಂಗಿಯರಾದ ರೀಟಾ, ಮೇ ಕೂಡ ಆಟಗಾರ್ತಿಯರು. ಎಲ್ವೆರಾ ಅವರಿಗೆ 1965ರ ಅರ್ಜುನ ಪ್ರಶಸ್ತಿ ಬಂತು. ಅವರು 2022ರಲ್ಲಿ ತೀರಿಕೊಂಡರು. ಆ ವರ್ಷಗಳಲ್ಲಿ "ಮೈಸೂರೇ ಗೆಲ್ಲೋದು" ಅಂದವರ ಮಾತು ಬಹುಮಟ್ಟಿಗೆ ನಿಜವಾಗಿರಬೇಕು.

ಆದರೆ 1980ರ ಮಾಸ್ಕೋ ಒಲಿಂಪಿಕ್ಸ್ ನೋಡಿ. ಮಹಿಳೆಯರ ಹಾಕಿ ಒಲಿಂಪಿಕ್ಸಿಗೆ ಬಂದದ್ದೇ ಆಗ. ಹಲವು ದೇಶಗಳು ಬಹಿಷ್ಕಾರ ಹಾಕಿದ್ದರಿಂದ, ಆ ವರ್ಷವಷ್ಟೇ ಸ್ವತಂತ್ರವಾಗಿದ್ದ ಜಿಂಬಾಬ್ವೆಗೆ ಕೊನೆಗಳಿಗೆಯಲ್ಲಿ ಕರೆ ಹೋಯಿತು. ತರಾತುರಿಯಲ್ಲಿ ತಂಡ ಕಟ್ಟಿ ಬಂದವರು ಒಂದೂ ಪಂದ್ಯ ಸೋಲದೆ ಚಿನ್ನ ಹೊತ್ತೊಯ್ದರು! ನಮ್ಮ ಹುಡುಗಿಯರು ಅದೇ ಜಿಂಬಾಬ್ವೆಯೊಂದಿಗೆ 1-1ರಲ್ಲಿ ಸಮ ಮಾಡಿಕೊಂಡಿದ್ದರು. ಕೊನೆಗೆ ನಮಗೆ ನಾಲ್ಕನೇ ಸ್ಥಾನ.

2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್ ನಿಮ್ಮಲ್ಲಿ ಹಲವರು ಟಿ.ವಿ.ಯಲ್ಲಿ ನೋಡಿರುತ್ತೀರಿ. ನಮ್ಮ ತಂಡ ಮೊದಲ ಮೂರೂ ಪಂದ್ಯ ಸೋತಿತು: ನೆದರ್ಲೆಂಡ್ಸ್ ಕೈಲಿ 1-5, ಜರ್ಮನಿ ಕೈಲಿ 0-2, ಬ್ರಿಟನ್ ಕೈಲಿ 1-4. ಆಗ ಯಾರಾದರೂ "ಇವರು ಸೆಮಿಫೈನಲ್ ಆಡ್ತಾರೆ" ಅಂದಿದ್ದರೆ ನಗುತ್ತಿದ್ದೆವು. ಮುಂದೆ ಐರ್ಲೆಂಡನ್ನು 1-0, ದಕ್ಷಿಣ ಆಫ್ರಿಕವನ್ನು 4-3ರಲ್ಲಿ ಸೋಲಿಸಿದರು. ಆ ಎರಡನೇ ಪಂದ್ಯದಲ್ಲಿ ವಂದನಾ ಕಟಾರಿಯಾ ಮೂರು ಗೋಲು ಹೊಡೆದರು. ಒಲಿಂಪಿಕ್ಸ್ ಹಾಕಿಯಲ್ಲಿ ಹಾಗೆ ಮಾಡಿದ ಮೊದಲ ಭಾರತೀಯ ಮಹಿಳೆ ಆಕೆ. ಅದಕ್ಕೆ ಎರಡೇ ತಿಂಗಳ ಹಿಂದೆ ಆಕೆಯ ತಂದೆ ತೀರಿಕೊಂಡಿದ್ದರು. ಬೆಂಗಳೂರಿನ ತರಬೇತಿ ಶಿಬಿರದಲ್ಲಿದ್ದ ಮಗಳಿಗೆ ಅಂತ್ಯಸಂಸ್ಕಾರಕ್ಕೆ ಹೋಗಲಾಗಲಿಲ್ಲ. ಇಷ್ಟಾಗಿಯೂ ಕ್ವಾರ್ಟರ್ ಫೈನಲ್ ಖಚಿತವಾದದ್ದು ಬ್ರಿಟನ್ ತಂಡ ಐರ್ಲೆಂಡನ್ನು ಸೋಲಿಸಿದ ಮೇಲೆ. ಲೀಗ್ ಲೆಕ್ಕವೇ ಹಾಗೆ, ಬೇರೆಯವರ ಮನೆ ಒಲೆಯಿಂದಲೂ ನಮ್ಮ ಅನ್ನ ಬೇಯುತ್ತದೆ.

ಎದುರಿಗೆ ಬಂದದ್ದು ಆಸ್ಟ್ರೇಲಿಯ. ಗುಂಪಿನ ಐದೂ ಪಂದ್ಯ ಗೆದ್ದು ಒಂದೇ ಗೋಲು ಬಿಟ್ಟುಕೊಟ್ಟಿದ್ದ ತಂಡ. 2021ರ ಆಗಸ್ಟ್ 2ರಂದು ಗುರ್ಜಿತ್ ಕೌರ್ ಪೆನಾಲ್ಟಿ ಕಾರ್ನರಿನಲ್ಲಿ ಹೊಡೆದ ಒಂದೇ ಗೋಲು, ಗೋಲ್‌ಕೀಪರ್ ಸವಿತಾ ಅವರ ಗೋಡೆಯಂಥ ಕಾವಲು. ಪಂದ್ಯ 1-0ರಲ್ಲಿ ನಮ್ಮದಾಯಿತು. ನಾನು ಮೇಲೆ ಹೇಳಿದ ಮೊದಲ ಎರಡು ಅಂಶ ಎಂಥವೆಂದು ತಿಳಿಯಿತಲ್ಲ! ಆಮೇಲೆ ಅರ್ಜೆಂಟೀನಾಗೆ 1-2ರಲ್ಲಿ, ಕಂಚಿನ ಪದಕಕ್ಕಾಗಿ ಬ್ರಿಟನ್‌ಗೆ 3-4ರಲ್ಲಿ ಸೋತರು. ಪದಕವಿಲ್ಲದಿದ್ದರೂ ದೇಶ ಅವರನ್ನು ಎದೆಗಪ್ಪಿಕೊಂಡಿತು.

ಇದರ ಉಲ್ಟಾ ಕೂಡ ಆಗಿದೆ. 2024ರ ಜನವರಿಯಲ್ಲಿ ರಾಂಚಿಯಲ್ಲಿ, ನಮ್ಮದೇ ಅಂಗಳದಲ್ಲಿ, ಎಂಟು ತಂಡಗಳ ಅರ್ಹತಾ ಪಂದ್ಯಾವಳಿ. ಮೊದಲ ಮೂವರಿಗೆ ಪ್ಯಾರಿಸ್ ಒಲಿಂಪಿಕ್ಸಿಗೆ ದಾರಿ. ಸೆಮಿಫೈನಲ್‌ನಲ್ಲಿ ಜರ್ಮನಿಯ ಜೊತೆ 2-2 ಆಗಿ, ಶೂಟೌಟಿನಲ್ಲಿ 3-4ರಿಂದ ಸೋಲು. ಮರುದಿನ ಜಪಾನ್ ಎದುರು 0-1. ದಾರಿ ಮುಚ್ಚಿತು. ಅದೇ ವರ್ಷ ನವೆಂಬರಿನಲ್ಲಿ ಬಿಹಾರದ ರಾಜಗೀರ್‌ನಲ್ಲಿ ಏಷ್ಯನ್ ಚಾಂಪಿಯನ್ಸ್ ಟ್ರೋಫಿ ಫೈನಲ್. ಎದುರಾಳಿ ಪ್ಯಾರಿಸಿನಲ್ಲಿ ಬೆಳ್ಳಿ ಗೆದ್ದಿದ್ದ ಚೀನಾ. ನಮ್ಮವರು 1-0ರಲ್ಲಿ ಗೆದ್ದರು! ಜನವರಿಯಲ್ಲಿ "ಇವರ ಕಥೆ ಮುಗೀತು" ಅಂದವರು ನವೆಂಬರಿನಲ್ಲಿ ಏನನ್ನಬೇಕು?

"ಗೆಲ್ಲೋದು ಗ್ಯಾರಂಟಿಯಿದ್ದರೆ ಹೋಗಲಿ"

ಈಗ ಮನೆಯ ಮಾತಿಗೆ ಬರುತ್ತೇನೆ. ದೂರದ ಊರಿಗೆ ಪಂದ್ಯಕ್ಕೆ ಹೋಗಬೇಕೆಂದಾಗ ನಮ್ಮ ಯಜಮಾನರು ಅಂದದ್ದು ಇದೇ ಮಾತು. ಪರೀಕ್ಷೆ ಹತ್ತಿರ, ಬಸ್ಸಿನ ಖರ್ಚು, ಎರಡು ರಾತ್ರಿ ಹೊರಗೆ ಇರಬೇಕು. ಅವರ ಚಿಂತೆ ಸುಳ್ಳಲ್ಲ. ನಮ್ಮ ಅತ್ತೆಯವರದು ಇನ್ನೊಂದು: "ಬಿಸಿಲಲ್ಲಿ ಕಪ್ಪಗಾದರೆ ನಾಳೆ ಕೇಳೋಕೆ ಬರುವವರು ಏನಂದಾರು?"

ನಾನು ಅವರಿಗೆ ಕೊಟ್ಟ ಉತ್ತರವನ್ನೇ ನಿಮಗೂ ಹೇಳುತ್ತೇನೆ. ಗ್ಯಾರಂಟಿ ಎಂಬುದು ಆಸ್ಟ್ರೇಲಿಯಕ್ಕೂ ಇರಲಿಲ್ಲ. ಅದಕ್ಕೇ ಕಾದರೆ ಯಾರ ಮಗಳೂ ಹೊಸ್ತಿಲು ದಾಟುವ ಹಾಗಿಲ್ಲ.

ಇನ್ನೊಂದು ಸಂಗತಿ ಬಹಳ ತಾಯಂದಿರಿಗೆ ಗೊತ್ತಿರುವುದಿಲ್ಲ. ನಮ್ಮ ಜಿಲ್ಲೆಯ ಪದವಿ ಕಾಲೇಜುಗಳು 2009ರಲ್ಲಿ ಆರಂಭವಾದ ದಾವಣಗೆರೆ ವಿಶ್ವವಿದ್ಯಾನಿಲಯಕ್ಕೆ ಸೇರಿವೆ. ವಿಶ್ವವಿದ್ಯಾನಿಲಯವೊಂದು ಯಾವುದೇ ಆಟಕ್ಕೆ ತಂಡ ಕಟ್ಟುವಾಗ ಗೆದ್ದ ಕಾಲೇಜಿನವರನ್ನಷ್ಟೇ ನೋಡುವುದಿಲ್ಲ. ಸೋತ ಕಾಲೇಜಿನಲ್ಲಿ ಚೆನ್ನಾಗಿ ಆಡಿದವಳಿಗೂ ಅವಕಾಶವಿರುತ್ತದೆ. ಆ ತಂಡ ದಕ್ಷಿಣ ವಲಯದ ಅಂತರ ವಿಶ್ವವಿದ್ಯಾನಿಲಯ ಪಂದ್ಯಗಳಿಗೆ ಹೋಗುತ್ತದೆ. ಅಲ್ಲಿಯೂ ಸಾಮಾನ್ಯವಾಗಿ ಮೊದಲು ನಾಕೌಟ್, ಉಳಿದ ನಾಲ್ಕು ತಂಡಗಳಿಗೆ ಲೀಗ್. ಆ ನಾಲ್ವರಿಗೂ ಅಖಿಲ ಭಾರತ ಮಟ್ಟದ ಬಾಗಿಲು ತೆರೆದಿರುತ್ತದೆ. ರೈಲ್ವೆಯಂಥ ಕಡೆ ಆಟಗಾರ್ತಿಯರಿಗೆ ಕೆಲಸವೂ ಉಂಟು. ಹೀಗಿರುವಾಗ "ಸೋಲ್ತಾರೆ, ಕಳಿಸೋದು ಬೇಡ" ಎಂದರೆ ಒಂದು ಪಂದ್ಯದ ಊಹೆಯಿಂದ ಹುಡುಗಿಯ ನಾಲ್ಕು ಬಾಗಿಲು ಮುಚ್ಚಿದ ಹಾಗೆ. ಹೆಣ್ಣಿನ ವಿಷಯದಲ್ಲಿ ಊಹೆಯನ್ನೇ ತೀರ್ಪು ಮಾಡಿಬಿಡುವುದು ನಮ್ಮವರಿಗೆ ಹಳೆಯ ಅಭ್ಯಾಸ. ತೀರ್ಪು ಕೊಡುವುದು ಅಂಪೈರಿನ ಸೀಟಿ, ನಾವಲ್ಲ.

ತಾಯಂದಿರಿಗೆ ನಾಲ್ಕು ಮಾತು

ಪಂದ್ಯಕ್ಕೆ ಮುಂಚೆ ನಿಮ್ಮ ಊಹೆಯನ್ನು ಮಗಳ ಕಿವಿಗೆ ಹಾಕಬೇಡಿ. "ನೀವೇ ಗೆಲ್ಲೋದು" ಎಂಬುದೂ ಅವಳಿಗೆ ಹೊರೆಯೇ.

ಆಟದ ದಿನ ಕರಿದದ್ದು ಬೇಡ. ಎರಡು ಮೂರು ಗಂಟೆ ಮೊದಲು ಇಡ್ಲಿಯೋ ಅವಲಕ್ಕಿಯೋ, ಒಂದು ಬಾಳೆಹಣ್ಣು ಸಾಕು. ಕುಡಿಯಲು ನೀರು, ಉಪ್ಪು ಹಾಕಿದ ನಿಂಬೆ ಪಾನಕ ಕಟ್ಟಿಕೊಡಿ.

ಮೊಣಕಾಲ ಕೆಳಗೆ ಕಟ್ಟುವ ಪ್ಯಾಡು, ಹಲ್ಲಿಗೆ ಹಾಕುವ ಗಾರ್ಡು ಇವೆಯೇ ನೋಡಿ. ಸೀರೆಗೆ ಕೊಡುವ ದುಡ್ಡಿನಲ್ಲಿ ಸ್ವಲ್ಪ ಇದಕ್ಕೂ ಹೋಗಲಿ. ಜೊತೆಗೆ ಮಹಿಳಾ ಅಧ್ಯಾಪಕಿ ಇರುತ್ತಾರೆಯೇ, ತಂಗುವುದು ಎಲ್ಲಿ ಎಂದು ಕೇಳಿ ತಿಳಿದುಕೊಳ್ಳಿ. ಮನೆಯ ಗಂಡಸರ ಅರ್ಧ ಆತಂಕ ಅಲ್ಲಿಗೆ ಇಳಿಯುತ್ತದೆ.

ಮಗಳು ವಾಪಸು ಬಂದಾಗ "ಗೆದ್ರಾ?" ಅಂತ ಬಾಗಿಲಲ್ಲೇ ಕೇಳಬೇಡಿ. "ಹೆಂಗಾಡಿದೆ?" ಅಂತ ಕೇಳಿ. ಅವಳು ತಾನಾಗಿಯೇ ಕೂತು ಮೊದಲ ನಿಮಿಷದಿಂದ ಹೇಳುತ್ತಾಳೆ. ಆ ಮಾತಿನಲ್ಲೇ ಮುಂದಿನ ವರ್ಷ ಗೆಲ್ಲುವವರು ಯಾರೆಂಬ ಸುಳಿವೂ ಸಿಕ್ಕೀತು.