ಆಕಳಿಗೆ ಆರತಿ, ಕಿವಿಗೆ ಬಾಂಬು!

ಡಾಬಕಾ: ಈ ಗಡಿ ಭಾಗದ ಎಷ್ಟೋ ಮನೆಗಳಲ್ಲಿ ದೀವಳಿಗೆಯ ಮೊದಲ ಪೂಜೆ ಆಕಳು-ಕರುವಿಗೆ. ವಸುಬಾರಸಿನ ಸಂಜೆ ಅರಿಷಿಣ-ಕುಂಕುಮ ಹಚ್ಚಿ, ಆರತಿ ಬೆಳಗಿ, ಕಾಲಿಗೆ ಬೀಳುತ್ತಾರೆ. ಮೂರು ದಿನ ಕಳೆಯುವುದೇ ತಡ, ಅದೇ ಆಕಳ ಕಿವಿ ಹತ್ತಿರ ಲಕ್ಷ್ಮೀ ಬಾಂಬು! ಇದೆಂಥ ಭಕ್ತಿಯೋ, ಆ ಲಕ್ಷ್ಮಿಯೇ ಹೇಳಬೇಕು.

ಮನುಷ್ಯನ ಕಿವಿಗೆ ಸೆಕೆಂಡಿಗೆ 20 ಸಾವಿರ ಕಂಪನದ ತನಕ ಸದ್ದು ಕೇಳುತ್ತದೆ. ಆಕಳಿಗೆ 35 ಸಾವಿರ, ನಾಯಿಗೆ ಸುಮಾರು 45 ಸಾವಿರ. ನಾಲ್ಕು ಮೀಟರ್ ದೂರದಲ್ಲಿ ಪಟಾಕಿ ಸದ್ದು 125 ಡೆಸಿಬಲ್ ದಾಟಬಾರದೆಂದು ಕಾಯಿದೆ ಇದೆ, ಖರೆ. ಆದರೆ ಇವತ್ತು ಹಬ್ಬ ಅಂತ ನಮಗೆ ಗೊತ್ತು, ಎತ್ತಿಗೆ ಯಾರು ಹೇಳ್ಯಾರ?

ಇಲ್ಲಿಯ ಎತ್ತೆಂದರೆ ದೇವಣಿ ತಳಿ. ಒಳ್ಳೆ ಜೋಡಿಯ ಬೆಲೆ ಲಕ್ಷ ರೂಪಾಯಿ ದಾಟುತ್ತದೆ. ಬೆದರಿದ ಎತ್ತು ಹಗ್ಗ ಜಗ್ಗಿ ಮೂಗು ಹರಿದುಕೊಳ್ಳುತ್ತದೆ, ಕಾಲು ಜಾರಿ ಬೀಳುತ್ತದೆ. ಗಬ್ಬದ ಆಕಳಿಗಂತೂ ಬೀಳುವುದೇ ದೊಡ್ಡ ಗಂಡಾಂತರ. ಹೆದರಿದ ಆಕಳು ಹಾಲು ಇಳಿಸುವುದಿಲ್ಲ. ಮರುದಿನ ಚರಿಗೆ ಅರ್ಧ ಬಂದರೆ ಆಕಳನ್ನು ಬೈಯಬೇಡಿ.

ಹೊತ್ತು ಮುಳುಗುವ ಮುಂಚೆ ದನಗಳನ್ನು ಬೀದಿ ಬದಿಯಿಂದ ಬಿಚ್ಚಿ ಒಳಗೆ ಕಟ್ಟಬೇಕು. ಪರಿಚಯದ ಒಬ್ಬರು ಹತ್ತಿರ ಇದ್ದರೆ ಅವಕ್ಕೂ ಧೈರ್ಯ. ಇನ್ನೊಂದು ಮಾತು. ದೀವಳಿಗೆ ಹೊತ್ತಿಗೆ ಸೋಯಾ ರಾಶಿ ಆಗಿ ಹೊಟ್ಟು ಕೊಟ್ಟಿಗೆ ಪಕ್ಕದಲ್ಲೇ ಬಿದ್ದಿರುತ್ತದೆ. ಒಂದು ರಾಕೆಟ್ಟು ಸಾಕು, ಹೊಟ್ಟೂ ಹೋಯಿತು, ಕಟ್ಟಿದ ದನವೂ ಹೋಯಿತು.

ನಾಯಿಯನ್ನು ಅಂಗಳದಲ್ಲಿ ಸರಪಳಿಗೆ ಬಿಗಿದು ಬಿಡಬಾರದು. ಬೆದರಿ ಎಗರಿದರೆ ಅದೇ ಸರಪಳಿ ಉರುಲು. ಬೆಳಕಿದ್ದಾಗಲೇ ತಿರುಗಾಡಿಸಿ, ಉಣ್ಣಲು ಕೊಟ್ಟು, ಒಳಗೆ ಬಿಡಿ, ರೇಡಿಯೋ ಹಚ್ಚಿಡಿ. ಹೊರಸಿನ ಕೆಳಗೆ ಹೊಕ್ಕರೆ ಹೊಕ್ಕಲಿ, ಎಳೆಯಬೇಡಿ. ಬಾಲಕ್ಕೆ ಸರಪಟಾಕಿ ಕಟ್ಟುವ ಹುಡುಗರ ಕಿವಿ ಹಿಂಡುವುದು ಹಿರಿಯರ ಕೆಲಸ.

ಪಟಾಕಿಗಿಂತ ಸುಮ್ಮನೆ ಕೊಲ್ಲುವುದು ಪ್ರೀತಿ. ಹಬ್ಬದ ದಿನ ಬಂದವರೆಲ್ಲ ಆಕಳಿಗೆ ಒಂದೊಂದು ಹೋಳಿಗೆ, ಒಂದು ಮುಷ್ಟಿ ಅನ್ನ ಇಕ್ಕುತ್ತಾರೆ. ಮಿಕ್ಕಿದ್ದು ರಾತ್ರಿ ಬುಟ್ಟಿಗಟ್ಟಲೆ. ಮೇವು ತಿನ್ನುವ ಹೊಟ್ಟೆಯಲ್ಲಿ ಅದು ಹುಳಿಯುತ್ತದೆ. ಮೆಲುಕು ನಿಲ್ಲುತ್ತದೆ, ಹೊಟ್ಟೆ ಉಬ್ಬುತ್ತದೆ, ತಡ ಮಾಡಿದರೆ ಜೀವವೇ ಹೋಗುತ್ತದೆ. ಗೊಟ್ಟದಲ್ಲಿ ಎಣ್ಣೆ ಸುರಿಯುವ ಮನೆಮದ್ದು ಬೇಡ. ಪುಪ್ಪುಸಕ್ಕೆ ಇಳಿದರೆ ಅದೊಂದು ಹೊಸ ಕೇಡು. ನೈವೇದ್ಯಕ್ಕೆ ಒಂದು ತುತ್ತು ಸಾಕ್ರಿ.

ಪಟಾಕಿ ಅಂಗಡಿ ಹಾಕುವ ಸಾಹುಕಾರರಿಗೂ ಒಂದು ಮಾತು. ಸುಪ್ರೀಂ ಕೋರ್ಟು 2018ರ ಅಕ್ಟೋಬರದಲ್ಲೇ ಹಸಿರು ಪಟಾಕಿಯಷ್ಟೇ ಮಾರಬೇಕು, ದೀಪಾವಳಿಯಂದು ರಾತ್ರಿ 8ರಿಂದ 10ರ ತನಕ ಮಾತ್ರ ಹಾರಿಸಬೇಕು ಎಂದಿದೆ. ಡಬ್ಬಿ ಮೇಲಿನ ಹಸಿರು ಗುರುತು ನೋಡಿ ಮಾಲು ತರಿಸಿ, ಗಿರಾಕಿಗೆ ಹೊತ್ತೂ ಹೇಳಿ ಕಳಿಸಿ. ಹಸಿರು ಪಟಾಕಿಯ ಹೊಗೆ ಕಡಿಮೆ; ಸದ್ದಿಲ್ಲ ಅಂತಲ್ಲ. ಸುರುಸುರು ಬತ್ತಿ, ಹೂಕುಂಡ ಮಾರಿದರೆ ಗಲ್ಲಾ ಏನೂ ಬರಿದಾಗದು.

ಏನಾದರೂ ಆದರೆ ಹಗ್ಗ ಹಿಡಿದು ಬಸ್ಸಿನ ಹಾದಿ ಕಾಯಬೇಕಿಲ್ಲ. ಪಶು ಚಿಕಿತ್ಸಾ ವಾಹನಕ್ಕೆ ಪುಕ್ಕಟೆ ಫೋನು: 1962.