ಕ್ಲಚ್ ಪೆಡಲ್ ಸಡಿಲವಾದರೆ ಪ್ಲೇಟನ್ನು ದೂರಬೇಡಿ

ಹಳೆಯ ಜೀಪು ಅಥವಾ ಫೋರ್‌ವೀಲ್ ಡ್ರೈವ್ ಪಿಕಪ್ ಇಟ್ಟುಕೊಂಡವರಿಗೆ ಈ ತೊಂದರೆ ಹೊಸದಲ್ಲ. ಕ್ಲಚ್ ಪೆಡಲ್ ಮೇಲೆ ಕಾಲಿಟ್ಟರೆ ಅರ್ಧದವರೆಗೆ ಭಾರವೇ ಸಿಗದೆ ಇಳಿಯುತ್ತದೆ, ಪಕ್ಕಕ್ಕೆ ತಳ್ಳಿದರೆ ಅಲ್ಲಾಡುತ್ತದೆ, ಪೂರ್ತಿ ತುಳಿದರೂ ರಿವರ್ಸ್ ಗೇರ್ ಬೀಳುವಾಗ ಕರಕರ ಸದ್ದು. ಗ್ಯಾರೇಜಿಗೆ ಒಯ್ದರೆ ಸಾಮಾನ್ಯವಾಗಿ ಎರಡರಲ್ಲೊಂದು ಆಗುತ್ತದೆ. ಅಡ್ಜಸ್ಟಿಂಗ್ ನಟ್ಟನ್ನು ನಾಲ್ಕು ಸುತ್ತು ತಿರುಗಿಸಿ ಟೈಟ್ ಮಾಡಿ ಕಳಿಸುತ್ತಾರೆ, ಇಲ್ಲವೇ ‘ಪ್ಲೇಟ್ ಹೋಗಿದೆ, ಗೇರ್ ಬಾಕ್ಸ್ ಇಳಿಸಬೇಕು’ ಎನ್ನುತ್ತಾರೆ. ಮೊದಲನೆಯದು ಕಾಯಿಲೆಯನ್ನು ಮುಚ್ಚಿಡುತ್ತದೆ. ಎರಡನೆಯದು ಬಹುಪಾಲು ಸಂದರ್ಭಗಳಲ್ಲಿ ಬೇಕಿಲ್ಲದ ಖರ್ಚು. ಸಡಿಲವಾದ ಪೆಡಲಿನ ಮೂಲವನ್ನು ಮೊದಲು ಹುಡುಕಬೇಕಾದದ್ದು ಪೆಡಲಿನಿಂದ ಗೇರ್ ಬಾಕ್ಸಿನವರೆಗಿನ ಪಿನ್ನು, ಬುಶ್ಶುಗಳಲ್ಲಿ. ಇದನ್ನು ಹೇಳಲು ಗಟ್ಟಿಯಾದ ಕಾರಣವಿದೆ.

ಕ್ಲಚ್ ಪ್ಲೇಟ್ ಇರುವುದು ಇಂಜಿನ್ನಿನ ಫ್ಲೈವೀಲಿಗೂ ಪ್ರೆಷರ್ ಪ್ಲೇಟಿಗೂ ನಡುವೆ, ಎರಡರ ಹಿಡಿತದಲ್ಲಿ. ಪೆಡಲ್ ತುಳಿದಾಗ ರಿಲೀಸ್ ಬೇರಿಂಗ್ ಮುಂದೆ ಸರಿದು ಪ್ರೆಷರ್ ಪ್ಲೇಟಿನ ಬೆರಳುಗಳನ್ನು ಒತ್ತುತ್ತದೆ, ಹಿಡಿತ ಬಿಡುತ್ತದೆ. ಕಾಲು ತೆಗೆದಾಗ ಬೇರಿಂಗಿಗೂ ಬೆರಳುಗಳಿಗೂ ನಡುವೆ ಸಣ್ಣದೊಂದು ಸಂದು ಉಳಿಯಬೇಕು. ಪೆಡಲಿನಲ್ಲಿ ನಮ್ಮ ಕಾಲಿಗೆ ಸಿಗುವ ‘ಪ್ಲೇ’ ಆ ಸಂದಿನದೇ ಪ್ರತಿಬಿಂಬ. ಈಗ ಪ್ಲೇಟಿನ ಲೈನಿಂಗ್ ಸವೆಯಿತು ಎಂದುಕೊಳ್ಳಿ. ಪ್ಲೇಟ್ ತೆಳ್ಳಗಾದಷ್ಟೂ ಪ್ರೆಷರ್ ಪ್ಲೇಟ್ ಫ್ಲೈವೀಲಿನ ಕಡೆಗೆ ಸರಿಯುತ್ತದೆ, ಅದರ ಬೆರಳುಗಳು ಹಿಂದಕ್ಕೆ, ಬೇರಿಂಗಿನ ಕಡೆಗೆ, ಎದ್ದು ಬರುತ್ತವೆ. ಸಂದು ಕಿರಿದಾಗುತ್ತದೆ. ಅಂದರೆ ಪ್ಲೇಟ್ ಸವೆದಂತೆ ಪೆಡಲಿನ ಪ್ಲೇ ಕಡಿಮೆಯಾಗುತ್ತ ಹೋಗಬೇಕೇ ಹೊರತು ಹೆಚ್ಚಾಗಬಾರದು. ಪ್ಲೇ ಹೆಚ್ಚುತ್ತಿದೆ ಎಂದರೆ ಸವೆತ ಬೇರೆ ಕಡೆ ನಡೆದಿದೆ. ಪ್ಲೇಟ್ ಹೋದದ್ದರ ಗುರುತೇ ಬೇರೆ: ಏರಿನಲ್ಲಿ ಇಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ, ಸುಟ್ಟ ವಾಸನೆ ಬರುತ್ತದೆ.

ಸವೆತ ಎಲ್ಲಿ ಎಂಬುದಕ್ಕೆ ಗಾಡಿಯ ರಚನೆಯೇ ಸುಳಿವು ಕೊಡುತ್ತದೆ. ಮಹೀಂದ್ರ ಕಂಪನಿ 1940ರ ದಶಕದ ಕೊನೆಯಲ್ಲಿ ವಿಲ್ಲೀಸ್ ಜೀಪುಗಳನ್ನು ಇಲ್ಲಿ ಜೋಡಿಸಲು ಶುರುಮಾಡಿತು. ಆ ವಂಶದ ಹಳೆಯ ಮಾದರಿಗಳಲ್ಲಿ ಪೆಡಲುಗಳು ಫ್ಲೋರಿನ ಕೆಳಗೆ, ಚಾಸಿಗೆ ಹಾಕಿದ ಶಾಫ್ಟಿನ ಮೇಲೆ ಕೂತಿರುತ್ತವೆ. ಚಕ್ರ ಎರಚುವ ಕೆಸರು, ಹಳ್ಳ ದಾಟುವಾಗಿನ ನೀರು, ಬೇಸಿಗೆಯ ಧೂಳು ಎಲ್ಲವೂ ನೇರವಾಗಿ ಅಲ್ಲಿಗೇ. ಅಲ್ಲಿರುವ ಗ್ರೀಸ್ ನಿಪ್ಪಲ್ ಮಣ್ಣಿನಡಿ ಹೂತು ಕಣ್ಣಿಗೆ ಬೀಳುವುದೇ ಇಲ್ಲ, ಎಷ್ಟೋ ಗಾಡಿಗಳಲ್ಲಿ ವರ್ಷಗಟ್ಟಲೆ ಗ್ರೀಸ್ ಕಂಡಿರುವುದಿಲ್ಲ. ಪೆಡಲಿನಿಂದ ಮುಂದೆ ಅಡ್ಡಕ್ಕೆ ಒಂದು ಟ್ಯೂಬು, ಅದರ ಒಂದು ತುದಿ ಚಾಸಿಗೆ, ಇನ್ನೊಂದು ಗೇರ್ ಬಾಕ್ಸಿನ ಬೆಲ್ ಹೌಸಿಂಗಿಗೆ. ಅಲ್ಲಿಂದ ರಾಡು ಅಥವಾ ಕೇಬಲ್ಲು, ಕೊನೆಗೆ ರಿಲೀಸ್ ಬೇರಿಂಗನ್ನು ತಳ್ಳುವ ಫೋರ್ಕು. 1985ರಲ್ಲಿ ಬಂದ ಮಾರುತಿ ಜಿಪ್ಸಿಯಲ್ಲಿ ಇಷ್ಟು ಕೀಲುಗಳಿಲ್ಲ, ಒಂದೇ ಕೇಬಲ್ ಇದೆ. ಅಲ್ಲಿ ಕೇಬಲ್ ಹಿಗ್ಗುತ್ತದೆ ಅಥವಾ ಒಳಗಿನ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ.

ಇಲ್ಲಿ ಸ್ವಲ್ಪ ಲೆಕ್ಕ ಹಾಕಿ ನೋಡಬೇಕು. ಉದಾಹರಣೆಗೆ ಪೆಡಲಿನ ಉದ್ದದ ತೋಳು 30 ಸೆಂ.ಮೀ., ಗಿಡ್ಡ ತೋಳು 5 ಸೆಂ.ಮೀ. ಇದ್ದರೆ ಅನುಪಾತ ಆರಕ್ಕೆ ಒಂದು. ಫೋರ್ಕಿನಲ್ಲಿ ಮತ್ತೆ ಎರಡಕ್ಕೆ ಒಂದು ಎಂದಿಟ್ಟುಕೊಂಡರೆ ಒಟ್ಟು ಹನ್ನೆರಡು ಪಟ್ಟು. ಬೇರಿಂಗಿನ ಹತ್ತಿರದ 2 ಮಿ.ಮೀ. ಸಂದು ಕಾಲಿನ ಹತ್ತಿರ 24 ಮಿ.ಮೀ., ಅಂದರೆ ಸುಮಾರು ಒಂದು ಇಂಚು ಪ್ಲೇ ಆಗಿ ಕಾಣುತ್ತದೆ. ಹಾಗೆಯೇ ಗಿಡ್ಡ ತೋಳಿನ ಪಿನ್ನಿನಲ್ಲಿ ಒಂದು ಮಿ.ಮೀ. ಸವೆತವಾದರೆ ಕಾಲಿಗೆ 6 ಮಿ.ಮೀ. ಮೂರು ಕಡೆ ಅಷ್ಟಷ್ಟು ಸವೆದರೆ 18 ಮಿ.ಮೀ. ಆಗ ಮೆಕ್ಯಾನಿಕ್ ನಟ್ ತಿರುಗಿಸಿ ಒಟ್ಟು ಪ್ಲೇಯನ್ನು ಒಂದು ಇಂಚಿಗೆ ತಂದು ನಿಲ್ಲಿಸಿದರೆ ಲೆಕ್ಕ ಸರಿಯಾದಂತೆ ಕಾಣುತ್ತದೆ. ಆದರೆ ಅದರಲ್ಲಿ 18 ಮಿ.ಮೀ. ಸವೆದ ಪಿನ್ನುಗಳದ್ದು, ಬೇರಿಂಗಿನ ಪಾಲಿಗೆ ಉಳಿದದ್ದು 6, ಅಂದರೆ ಅರ್ಧ ಮಿ.ಮೀ. ಸಂದು. ಪ್ಲೇಟ್ ಇನ್ನೊಂದಿಷ್ಟು ತೆಳುವಾದ ಕೂಡಲೇ ಆ ಸಂದು ಮುಚ್ಚಿಹೋಗಿ ಬೇರಿಂಗ್ ಸದಾ ಬೆರಳುಗಳಿಗೆ ಉಜ್ಜುತ್ತದೆ. ಬೇರಿಂಗ್ ಕೂಗಲು ಶುರು, ಕ್ಲಚ್ ಜಾರಲು ಶುರು, ಚೆನ್ನಾಗಿದ್ದ ಪ್ಲೇಟ್ ಸುಡುತ್ತದೆ. ನಟ್ ಟೈಟ್ ಮಾಡಿ ಉಳಿಸಿದ ದುಡ್ಡು ಹೀಗೆ ಹೋಗುತ್ತದೆ.

‘ಎಲ್ಲರೂ ಹಾಗೇ ಮಾಡುತ್ತಾರೆ, ಗಾಡಿ ಓಡುತ್ತಿದೆಯಲ್ಲ’ ಎಂಬ ಮಾತು ಸುಳ್ಳಲ್ಲ. ಸಪಾಟು ರಸ್ತೆಯ ಕಾರಾದರೆ ಅದು ಬಹಳ ಕಾಲ ಓಡಲೂಬಹುದು. ಫೋರ್‌ವೀಲ್ ಗಾಡಿಯ ಪಾಡು ಬೇರೆ. ಏರಿನಲ್ಲಿ, ಕೆಸರಿನಲ್ಲಿ ಕ್ಲಚ್ಚನ್ನು ಕೂದಲೆಳೆಯಷ್ಟು ಬಿಟ್ಟು ಹಿಡಿಯುವುದೇ ಅದರ ಕೆಲಸ, ಹಿಡಿತ ಎಲ್ಲಿ ಶುರುವಾಗುತ್ತದೆಂದು ಕಾಲಿಗೆ ತಿಳಿಯದಿದ್ದರೆ ಗಾಡಿ ಹಿಂದಕ್ಕೆ ಜಾರುತ್ತದೆ. ಇನ್ನು ಗೇರ್ ಬಾಕ್ಸ್ ಇಳಿಸುವ ಪ್ರಸಂಗ ಬಂದರೆ, ಈ ಜೀಪುಗಳಲ್ಲಿ ಟ್ರಾನ್ಸ್‌ಫರ್ ಕೇಸ್ ಅದರ ಬೆನ್ನಿಗೇ ಅಂಟಿಕೊಂಡಿರುತ್ತದೆ. ಹಿಂದಿನದೂ ಮುಂದಿನದೂ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಬೇಕು, ಮೌಂಟಿಂಗ್ ಬಿಚ್ಚಬೇಕು. ಕೂಲಿ ಸಣ್ಣದಲ್ಲ. ಅದಕ್ಕೇ ಮೊದಲು ಹೊರಗಿನದನ್ನು ನೋಡಿ ಎನ್ನುವುದು.

ನೋಡುವ ಕ್ರಮ ಸುಲಭ. ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಡಬೇಕು. ಹ್ಯಾಂಡ್ ಬ್ರೇಕನ್ನೊಂದೇ ನಂಬಬಾರದು: ಅನೇಕ ಹಳೆಯ ಜೀಪುಗಳಲ್ಲಿ ಅದು ಚಕ್ರವನ್ನು ಹಿಡಿಯುವುದಿಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದೆ ಶಾಫ್ಟನ್ನು ಹಿಡಿಯುತ್ತದೆ. ಹಿಂದಿನ ಒಂದು ಚಕ್ರ ಜಾಕಿನ ಮೇಲೆದ್ದರೆ ಗಾಡಿ ಉರುಳಬಹುದು, ಹಿಂದಿನ ಶಾಫ್ಟ್ ಬಿಚ್ಚಿದರೆ ಬ್ರೇಕೇ ಇಲ್ಲ. ಆಮೇಲೆ ಒಬ್ಬರು ಕೈಯಿಂದ ಪೆಡಲನ್ನು ನಿಧಾನವಾಗಿ ಅದುಮಬೇಕು, ಇನ್ನೊಬ್ಬರು ಕೆಳಗೆ ಟಾರ್ಚ್ ಹಿಡಿದು ಒಂದೊಂದೇ ಕೀಲನ್ನು ನೋಡಬೇಕು. ಒಂದು ಕಡೆ ಕದಲಿದ ಮೇಲೂ ಇನ್ನೊಂದು ಕಡೆ ಸುಮ್ಮನಿದ್ದರೆ ಸವೆತ ಆ ಕೀಲಿನಲ್ಲೇ. ಪಿನ್ ಕಳಚಿ ನೋಡಿದರೆ ನಡುವೆ ಸೊಂಟದಂತೆ ತಗ್ಗು ಬಿದ್ದಿರುತ್ತದೆ, ದುಂಡಗಿನ ತೂತು ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ. ರಿಟರ್ನ್ ಸ್ಪ್ರಿಂಗ್ ತುಂಡಾಗಿದೆಯೇ, ಇಂಜಿನ್ ಮೌಂಟಿಂಗಿನ ರಬ್ಬರ್ ಹರಿದಿದೆಯೇ ಎಂದೂ ನೋಡಿಬಿಡಬೇಕು. ಟ್ಯೂಬಿನ ಒಂದು ತುದಿ ಚಾಸಿಯಲ್ಲಿ, ಇನ್ನೊಂದು ಇಂಜಿನ್ ಜೊತೆಗೆ ಇರುವುದರಿಂದ, ಇಂಜಿನ್ ಅಲ್ಲಾಡಿದರೆ ಪೆಡಲೂ ಅಲ್ಲಾಡುತ್ತದೆ.

ರಿಪೇರಿಗೆ ಬೆಂಗಳೂರಿನ ಹೇರೋಹಳ್ಳಿಯ ಕಡೆಯವರು ದೂರ ಹೋಗಬೇಕಿಲ್ಲ. ಉತ್ತರಕ್ಕೆ ಪೀಣ್ಯ ಕೈಗಾರಿಕಾ ಪ್ರದೇಶ, ಮಾಗಡಿ ರಸ್ತೆಯಲ್ಲೇ ಪೇಟೆಯ ಕಡೆ ಹೋದರೆ ಕಾಮಾಕ್ಷಿಪಾಳ್ಯದ ಸಣ್ಣ ಸಣ್ಣ ಘಟಕಗಳು. ಪೆಡಲಿನ ಶಾಫ್ಟ್ ಕೊಟ್ಟರೆ ಅಳತೆಗೆ ತಕ್ಕ ಗನ್‌ಮೆಟಲ್ ಬುಶ್ ಲೇತಿನಲ್ಲಿ ತಿರುವಿ ಕೊಡುವಂಥ ಕಸುಬು ಈ ಭಾಗದಲ್ಲಿದೆ. ಸಿದ್ಧ ಪಿನ್ನು, ಕೇಬಲ್ಲುಗಳಿಗೆ ಜೆ.ಸಿ. ರಸ್ತೆ. ‘ತೂತಿಗೆ ವೆಲ್ಡ್ ಹಾಕಿ ಮತ್ತೆ ಡ್ರಿಲ್ ಮಾಡಿದರೆ ಆಯಿತು’ ಎನ್ನುವವರಿದ್ದಾರೆ. ಒಂದು ದಿನದ ದಾರಿಗೆ ಅದು ಸಾಕು. ಆದರೆ ವೆಲ್ಡ್ ಒಂದು ಕಡೆ ಗಟ್ಟಿ, ಒಂದು ಕಡೆ ಮೆತ್ತಗೆ. ಅದು ಪಿನ್ನನ್ನು ತಿನ್ನುತ್ತದೆ. ಬುಶ್ ಹಾಕಿದರೆ ಮುಂದೆ ಸವೆಯುವುದು ಬುಶ್ಶೇ. ಅದನ್ನು ತೆಗೆದು ಇನ್ನೊಂದು ಹಾಕಬಹುದು.

ಹೈಡ್ರಾಲಿಕ್ ಕ್ಲಚ್ಚಿನ ಗಾಡಿಗಳ ಲೆಕ್ಕ ಬೇರೆ. ಅಲ್ಲಿ ಎರಡು ಸಲ ಪಂಪ್ ಮಾಡಿದಾಗ ಪೆಡಲ್ ಗಟ್ಟಿಯಾದರೆ ಲೈನಿನಲ್ಲಿ ಏರ್ ಸೇರಿದೆ ಅಥವಾ ಸೀಲ್ ಸೋತಿದೆ. ಪೆಡಲಿನ ಹಿಂದಿನ ಮ್ಯಾಟ್ ಒದ್ದೆಯಾಗಿದ್ದರೆ ಮಾಸ್ಟರ್ ಸಿಲಿಂಡರ್, ಗೇರ್ ಬಾಕ್ಸಿನ ಪಕ್ಕದ ರಬ್ಬರ್ ಬೂಟು ಒದ್ದೆಯಾಗಿದ್ದರೆ ಸ್ಲೇವ್ ಸಿಲಿಂಡರ್. ಕಂಪನಿ ಹೇಳಿದ ಬ್ರೇಕ್ ಆಯಿಲ್ಲನ್ನೇ ಹಾಕಬೇಕು, ಇಂಜಿನ್ ಆಯಿಲ್ ಬಿದ್ದರೆ ಸೀಲುಗಳು ಉಬ್ಬಿ ಕೆಡುತ್ತವೆ. ಹೊರಗಿನ ಕೀಲುಗಳೆಲ್ಲ ಸರಿಯಿದ್ದೂ ಪ್ಲೇ ಹೋಗದಿದ್ದರೆ ಒಳಗಿನ ಫೋರ್ಕ್ ಬಾಗಿರಬಹುದು, ಅದು ಕೂತಿರುವ ಬಾಲ್ ಸವೆದಿರಬಹುದು. ಆಗ ಗೇರ್ ಬಾಕ್ಸ್ ಇಳಿಸಲೇಬೇಕು, ಮೆಕ್ಯಾನಿಕ್ ಹೇಳಿದ್ದು ಆ ಗಾಡಿಯ ಮಟ್ಟಿಗೆ ನಿಜ. ಇಳಿಸಿದಾಗ ಒಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸಬಾರದು. ಹಳೆಯ ಪ್ಲೇಟುಗಳ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆಯಿದೆ. ಒದ್ದೆ ಬಟ್ಟೆಯಲ್ಲಿ ಒರೆಸಬೇಕು.

ಪಿನ್ನು, ಬುಶ್ಶು ಹೊಸದಾದ ಮೇಲೆ ಮಾತ್ರ ನಟ್ಟಿಗೆ ಕೈ ಹಾಕುವುದು. ಪೆಡಲಿನ ಪಕ್ಕ ಸ್ಕೇಲ್ ನಿಲ್ಲಿಸಿ, ಬೆರಳಲ್ಲಿ ಒತ್ತುತ್ತ ಭಾರ ಸಿಗುವವರೆಗಿನ ದೂರವನ್ನು ಅಳೆದು, ಆ ಗಾಡಿಯ ಮ್ಯಾನ್ಯುಯಲ್ಲಿನಲ್ಲಿರುವ ಪ್ಲೇಗೆ ಹೊಂದಿಸಿ ಲಾಕ್ ನಟ್ ಬಿಗಿಯಬೇಕು. ಸ್ಪ್ಲಿಟ್ ಪಿನ್ನುಗಳು ಹೊಸವೇ ಆಗಬೇಕು. ಹೊಸ ಬುಶ್ ಕೂರಲು ಕೆಲವು ದಿನ ಬೇಕು, ಅದಾದ ಮೇಲೆ ಇನ್ನೊಮ್ಮೆ ಸ್ಕೇಲ್ ಇಟ್ಟು ನೋಡಿ, ನಿಪ್ಪಲ್ಲಿಗೆ ಗ್ರೀಸ್ ಹೊಡೆಸಬೇಕು.