ಶಬ್ದವೇಧಿಯ ಕಿವಿ: ಬೇಟೆಗಾರರ ಅನುಭವದಲ್ಲಿ ಅಡಗಿರುವ ಧ್ವನಿವಿಜ್ಞಾನ

ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆ ದಾಟಿದರೆ ಸಿಗುವ ಹೇರೋಹಳ್ಳಿ ಇಂದು ನಗರದ ಒಂದು ಬಡಾವಣೆ. ಅರ್ಧ ಶತಮಾನದ ಹಿಂದೆ ಇದು ರಾಗಿ ಹೊಲಗಳ ನಡುವಿನ ಹಳ್ಳಿಯಾಗಿತ್ತು. ಬೆಳಗಿನ ಹೊತ್ತು ಕೆರೆಯ ಕಡೆ ನಡೆದಾಡಲು ಹೋಗುವ ನನಗೆ, ಅಲ್ಲಿ ಬಂದು ಕೂರುವ ಕೆಲವು ಹಿರಿಯರ ಪರಿಚಯವಾಗಿದೆ. ಕಳೆದ ಜನವರಿಯ ಒಂದು ಮುಂಜಾನೆ, ಇನ್ನೂ ಮನೆ ಏಳದ ಬಯಲಿನ ಕಡೆಯಿಂದ 'ಕಟೀತರ್, ಕಟೀತರ್' ಎಂಬ ಕೂಗು ಕೇಳಿಬಂತು. ಗೌಜಲಹಕ್ಕಿ! ಎಂಬತ್ತರ ಆಸುಪಾಸಿನ ಒಬ್ಬ ಯಜಮಾನರು ಕಿವಿ ನಿಮಿರಿಸಿದರು. "ಅಲ್ನೋಡಿ ಮೇಷ್ಟ್ರೇ, ಆ ಬೇಲಿ ಸಾಲಿನ ಆಚೆ" ಎಂದು ಕೈ ತೋರಿದರು. ನನಗೆ ಅದು ಎಲ್ಲಿಂದ ಬಂತೆಂದೇ ತಿಳಿದಿರಲಿಲ್ಲ.

ಅಂದು ಶುರುವಾದ ಮಾತು ವಾರಗಟ್ಟಲೆ ನಡೆಯಿತು. ಈ ಹಿರಿಯರು ಹುಡುಗರಾಗಿದ್ದಾಗ, ಅಂದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬರುವುದಕ್ಕೆ ಮುಂಚೆ, ಮನೆಯ ದೊಡ್ಡವರ ಹಿಂದೆ ಗೌಜಲ ಬೇಟೆಗೆ ಹೋಗುತ್ತಿದ್ದವರು. ಸಾಕಿದ ಗಂಡು ಹಕ್ಕಿಯನ್ನು ಪಂಜರದಲ್ಲಿಟ್ಟು, ಸುತ್ತ ಕುದುರೆ ಬಾಲದ ಕೂದಲಿನ ಉರುಳು ಒಡ್ಡಿ, ಅದು ಕೂಗುವುದನ್ನು ಕಾಯುವುದು ಒಂದು ಕ್ರಮ. ತನ್ನ ನೆಲದಲ್ಲಿ ಬೇರೊಂದು ಗಂಡು ಕೂಗಿದರೆ ಆ ನೆಲದ ಹಕ್ಕಿ ಜಗಳಕ್ಕೆ ಬಂದೇ ಬರುತ್ತದೆ. ಹೀಗೆ ಬಳಸುವ ಸಾಕುಪ್ರಾಣಿಗೆ ಹಳಗನ್ನಡದಲ್ಲಿ 'ದೀವ' ಎಂಬ ಹೆಸರೇ ಇದೆ ಎಂದರೆ ಈ ಉಪಾಯ ಎಷ್ಟು ಹಳೆಯದೆಂದು ಊಹಿಸಬಹುದು. ಹಕ್ಕಿ ಹಿಡಿಯುವುದನ್ನೇ ಕಸುಬಾಗಿಸಿಕೊಂಡಿದ್ದ ಹಕ್ಕಿಪಿಕ್ಕಿ ಜನರಂತೂ ಇದರಲ್ಲಿ ನಿಷ್ಣಾತರು. ಬಾಯಿಂದಲೇ ಹಕ್ಕಿಯಂತೆ ಕೂಗಿ ಕರೆಯುವವರೂ ಇದ್ದರು.

ಅವರ ಕಥೆಗಳಲ್ಲಿ ಮೂರು ಮಾತುಗಳು ಮತ್ತೆ ಮತ್ತೆ ಬಂದವು. ಹೊತ್ತು ಮೂಡುವ ಮುಂಚೆ ಹೋಗಬೇಕು, ಬಿಸಿಲೇರಿದ ಮೇಲೆ ಹಕ್ಕಿ ಕೂಗಿದರೂ ಕೇಳಿಸದು ಎಂಬುದು ಮೊದಲನೆಯದು. ಕೂಗು ಕೇಳಿದ ಕೂಡಲೇ ನಡೆಯಬಾರದು, ತಲೆ ಹೊರಳಿಸಿ ಇನ್ನೊಂದು ಸಲ ಕೇಳಬೇಕು ಎಂಬುದು ಎರಡನೆಯದು. ಮೂರನೆಯದನ್ನು ಯಜಮಾನರ ಮಾತಿನಲ್ಲೇ ಹೇಳುತ್ತೇನೆ: "ಕಿವಿಗೆ ಬಿದ್ದಿದ್ದಕ್ಕೆ ಕೋವಿ ಎತ್ಬಾರ್ದು. ಕಣ್ಣಿಗೆ ಬಿದ್ಮೇಲೆ ಎತ್ಬೇಕು." ಈ ಮೂರಕ್ಕೂ ಭೌತವಿಜ್ಞಾನದಲ್ಲಿ ಏನು ಆಧಾರವಿದೆ ಎಂದು ನೋಡೋಣ.

ಮುಂಜಾನೆಯ ಗಾಳಿ

ಗಾಳಿಯಲ್ಲಿ ಶಬ್ದದ ವೇಗ ಉಷ್ಣತೆಯನ್ನು ಅವಲಂಬಿಸಿದೆ. 0 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಕೆಂಡಿಗೆ ಸುಮಾರು 331 ಮೀಟರ್ ಇರುವ ವೇಗ, ಉಷ್ಣತೆ 1 ಡಿಗ್ರಿ ಏರಿದಂತೆಲ್ಲ ಸುಮಾರು 0.6 ಮೀಟರ್‌ನಷ್ಟು ಹೆಚ್ಚುತ್ತದೆ. ಬೆಂಗಳೂರಿನ ಜನವರಿಯ ಬೆಳಗ್ಗೆ, 15 ಡಿಗ್ರಿಯಲ್ಲಿ, ಅದು 340 ಮೀಟರ್.

ಹಗಲು ನೆಲ ಕಾದಿರುತ್ತದೆ. ನೆಲಕ್ಕೆ ಹತ್ತಿರದ ಗಾಳಿ ಬಿಸಿ, ಮೇಲಿನದು ತಂಪು. ಮೋಡವಿಲ್ಲದ, ಗಾಳಿ ಬೀಸದ ರಾತ್ರಿಯಲ್ಲಿ ನೆಲ ವಿಕಿರಣದ ಮೂಲಕ ಶಾಖವನ್ನು ಕಳೆದುಕೊಂಡು ಬೇಗ ತಣ್ಣಗಾಗುತ್ತದೆ. ಆಗ ತಂಪು ಗಾಳಿ ಕೆಳಗೆ, ಬಿಸಿ ಗಾಳಿ ಮೇಲೆ. ಇದೇ ಉಷ್ಣತೆಯ ವಿಲೋಮ. ಶಬ್ದದ ಅಲೆಯ ಮೇಲಿನ ಭಾಗ ಬಿಸಿ ಗಾಳಿಯಲ್ಲಿ ಬೇಗ ಸಾಗುತ್ತದೆ, ಕೆಳಗಿನ ಭಾಗ ಹಿಂದುಳಿಯುತ್ತದೆ. ಪರಿಣಾಮವಾಗಿ ಅಲೆ ನೆಲದ ಕಡೆಗೆ ಬಾಗುತ್ತದೆ. ಹಗಲಿನಲ್ಲಿ ಇದಕ್ಕೆ ವಿರುದ್ಧವಾಗಿ ಆಕಾಶದ ಕಡೆಗೆ ಬಾಗುತ್ತದೆ. ಬಿಸಿಲ್ಗುದುರೆಗೆ ಕಾರಣವಾದ ಬೆಳಕಿನ ವಕ್ರೀಭವನದ ಪಾಠ ಮಾಡುವ ಶಿಕ್ಷಕರು ಇದನ್ನೂ ಜೊತೆಗೇ ಹೇಳಬಹುದು.

ಒಂದು ಲೆಕ್ಕ ಹಾಕೋಣ. ನೆಲದಿಂದ 10 ಮೀಟರ್ ಎತ್ತರಕ್ಕೆ ಹೋಗುವಷ್ಟರಲ್ಲಿ ಉಷ್ಣತೆ 2 ಡಿಗ್ರಿ ಹೆಚ್ಚುತ್ತದೆ ಎಂದುಕೊಳ್ಳಿ. ಶಬ್ದವೇಗ 10 ಮೀಟರಿಗೆ 1.2 ಮೀಟರ್‌ನಷ್ಟು ಹೆಚ್ಚಿತು, ಅಂದರೆ ಪ್ರತಿ ಮೀಟರ್ ಎತ್ತರಕ್ಕೆ 0.12. ಶಬ್ದದ ಪಥ ಬಾಗುವ ವೃತ್ತದ ತ್ರಿಜ್ಯ 340ನ್ನು 0.12ರಿಂದ ಭಾಗಿಸಿದಾಗ ಬರುವ ಸುಮಾರು 2800 ಮೀಟರ್. ಹಕ್ಕಿಯ ಕೂಗಿನಲ್ಲಿ ನೆಲಕ್ಕೆ 4 ಡಿಗ್ರಿ ಓರೆಯಾಗಿ ಮೇಲಕ್ಕೆ ಹೊರಟ ಭಾಗ, ಸುಮಾರು 7 ಮೀಟರ್ ಎತ್ತರಕ್ಕೇರಿ, 400 ಮೀಟರ್ ದೂರದಲ್ಲಿ ಮತ್ತೆ ನೆಲಕ್ಕಿಳಿಯುತ್ತದೆ. ಪೊದೆ, ಬೇಲಿ, ಬದುಗಳ ಮೇಲಿಂದ ಹಾದು ಕೇಳುಗನ ಕಿವಿಗೆ ಬಂದು ಬೀಳುತ್ತದೆ.

ಈಗ ಬಿಸಿಲೇರಿದೆ, ಅಷ್ಟೇ ಪ್ರಮಾಣದ ವ್ಯತ್ಯಾಸ ತಲೆಕೆಳಗಾಗಿದೆ ಎಂದುಕೊಳ್ಳಿ. ಹಕ್ಕಿ 1 ಮೀಟರ್ ಎತ್ತರದ ಹುತ್ತದ ಮೇಲೆ ನಿಂತಿದೆ, ಕೇಳುವವನ ಕಿವಿ 1.5 ಮೀಟರ್ ಎತ್ತರದಲ್ಲಿದೆ. ಮೇಲಕ್ಕೆ ಬಾಗುವ ಪಥಗಳಲ್ಲಿ ನೆಲವನ್ನು ಸವರಿಕೊಂಡು ಹೋಗುವ ಪಥವೇ ಕೊನೆಯದು. ಅದರಾಚೆ 'ಧ್ವನಿ ನೆರಳು'. ಅದು ಆರಂಭವಾಗುವ ದೂರವನ್ನು ತಿಳಿಯಲು ಎರಡೂ ಎತ್ತರಗಳನ್ನು ಒಂದೊಂದಾಗಿ ತ್ರಿಜ್ಯದ ಎರಡರಷ್ಟರಿಂದ ಗುಣಿಸಿ, ವರ್ಗಮೂಲ ತೆಗೆದು, ಕೂಡಬೇಕು. 75 ಮೀಟರ್ ಮತ್ತು 92 ಮೀಟರ್, ಒಟ್ಟು ಸುಮಾರು 167 ಮೀಟರ್. ಅದರಾಚೆಗೆ ಚದರಿದ ಅಲ್ಪಸ್ವಲ್ಪ ಧ್ವನಿ ಮಾತ್ರ ತಲಪುತ್ತದೆ. ಮುಂಜಾನೆ 400 ಮೀಟರ್ ದೂರಕ್ಕೆ ಕೇಳಿದ ಹಕ್ಕಿ, ಅಷ್ಟೇ ಜೋರಾಗಿ ಕೂಗಿದರೂ, ಹಗಲು 200 ಮೀಟರಿನಲ್ಲಿ ಇಲ್ಲವಾಗುತ್ತದೆ. ಹಕ್ಕಿ ಹುತ್ತವನ್ನೋ ಕಲ್ಲನ್ನೋ ಏರಿ ಕೂಗುವುದರಿಂದ ಆಗುವ ಲಾಭವೂ ಈ ವರ್ಗಮೂಲದಲ್ಲಿ ಕಾಣುತ್ತದೆ.

ಎರಡು ಕಿವಿಗಳ ನಡುವಿನ ಕಾಲ

ಇನ್ನು ದಿಕ್ಕಿನ ವಿಚಾರ. ಬಲಗಡೆಯಿಂದ ಬಂದ ಶಬ್ದ ಬಲಗಿವಿಯನ್ನು ಮೊದಲು ಮುಟ್ಟುತ್ತದೆ, ತಲೆಯನ್ನು ಬಳಸಿಕೊಂಡು ಎಡಗಿವಿಗೆ ಹೋಗುತ್ತದೆ. ಶಬ್ದ ನೇರ ಪಕ್ಕದಿಂದ ಬಂದರೂ ಈ ಅಂತರ ಒಂದು ಸೆಕೆಂಡಿನ ಹತ್ತು ಲಕ್ಷದ 660 ಭಾಗ ಮಾತ್ರ, ಅಂದರೆ 660 ಮೈಕ್ರೊಸೆಕೆಂಡ್. ಎದುರಿಗಿದ್ದ ಶಬ್ದಮೂಲ 1 ಡಿಗ್ರಿ ಸರಿದರೆ ಉಂಟಾಗುವ ಅಂತರ ಸುಮಾರು 9 ಮೈಕ್ರೊಸೆಕೆಂಡ್. ಮನುಷ್ಯನ ಮಿದುಳು ಗುರುತಿಸಬಲ್ಲ ಕನಿಷ್ಠ ಅಂತರ ಹೆಚ್ಚುಕಡಿಮೆ ಇಷ್ಟೇ. ಹಾಗಾಗಿ ಅನುಕೂಲಕರ ಸ್ಥಿತಿಯಲ್ಲಿ ನಾವು ಒಂದೆರಡು ಡಿಗ್ರಿ ನಿಖರತೆಯಿಂದ ದಿಕ್ಕನ್ನು ಹೇಳಬಲ್ಲೆವು. 100 ಮೀಟರ್ ದೂರದಲ್ಲಿ 1 ಡಿಗ್ರಿ ಎಂದರೆ ಸುಮಾರು 1.75 ಮೀಟರ್, ಒಂದು ಪೊದೆಯ ಅಗಲ.

ಆದರೆ ಎಲ್ಲ ಶಬ್ದಕ್ಕೂ ಇದು ಸಲ್ಲದು. 2000 ಹರ್ಟ್ಸ್ ಆವೃತ್ತಿಯ ಶುದ್ಧ ಸ್ವರದ ಒಂದು ಆವರ್ತಕ್ಕೆ 500 ಮೈಕ್ರೊಸೆಕೆಂಡ್ ಸಾಕು. ಕಿವಿಗಳ ನಡುವಿನ ಗರಿಷ್ಠ ಅಂತರ ಇದಕ್ಕಿಂತ ಹೆಚ್ಚಿರುವುದರಿಂದ, ಎಡಗಿವಿಗೆ ಬಂದ ಅಲೆಯ ಉಬ್ಬು ಬಲಗಿವಿಯ ಯಾವ ಉಬ್ಬಿಗೆ ಜೊತೆ ಎಂಬುದೇ ಗೊಂದಲ. ಇನ್ನೂ ಮೇಲಿನ ಆವೃತ್ತಿಗಳಲ್ಲಿ ತಲೆಯೇ ಅಡ್ಡಲಾಗಿ ಆಚೆ ಕಿವಿಗೆ ಶಬ್ದ ಕ್ಷೀಣವಾಗಿ ಕೇಳುವುದರಿಂದ ದಿಕ್ಕು ಮತ್ತೆ ತಿಳಿಯುತ್ತದೆ. ತಗ್ಗು ಸ್ವರಕ್ಕೆ ಕಾಲದ ಅಂತರ, ಹೆಚ್ಚಿನ ಸ್ವರಕ್ಕೆ ತೀವ್ರತೆಯ ಅಂತರ ಎಂಬ ಈ ವಿವರಣೆಯನ್ನು ಕೊಟ್ಟವರು ಲಾರ್ಡ್ ರ‍್ಯಾಲೆ, 1907ರಲ್ಲಿ. ಇವೆರಡರ ನಡುವಿನ ಸ್ವರಗಳಲ್ಲಿ ನಮ್ಮ ಕಿವಿ ಅತ್ಯಂತ ದುರ್ಬಲ.

ಗೌಜಲಹಕ್ಕಿಯ ಕೂಗು ಒಂದೇ ಎಳೆಯ ಶುದ್ಧ ಸ್ವರವಲ್ಲ. ಒಡೆದೊಡೆದು, ಥಟ್ಟನೆ ಆರಂಭವಾಗುವ ತುಣುಕುಗಳು. ಪ್ರತಿ ತುಣುಕಿನ ಆರಂಭವೂ ಕಿವಿಗೆ ಕಾಲದ ಗುರುತು ಕೊಡುತ್ತದೆ. 'ಇದು ನನ್ನ ಜಾಗ' ಎಂದು ಸಾರಬೇಕಾದ ಹಕ್ಕಿಗೆ ತಾನೆಲ್ಲಿದ್ದೇನೆಂದು ತಿಳಿಸುವುದೇ ಉದ್ದೇಶ. ಗಿಡುಗ ಬಂದಾಗ ಸಣ್ಣ ಹಕ್ಕಿಗಳು ಕೊಡುವ ಎಚ್ಚರಿಕೆಯ ದನಿ ಇದಕ್ಕೆ ವಿರುದ್ಧ. ತೆಳ್ಳಗೆ, ಎತ್ತರದ ಸ್ವರದಲ್ಲಿ, ಮೆಲ್ಲನೆ ಮೊದಲಾಗಿ ಮೆಲ್ಲನೆ ಮುಗಿಯುವ ಆ ದನಿ ಎಲ್ಲಿಂದ ಬಂತೆಂದು ಹೇಳುವುದು ಕಷ್ಟ. ಈ ವ್ಯತ್ಯಾಸದತ್ತ ಪೀಟರ್ ಮಾರ್ಲರ್ 1955ರಲ್ಲೇ ಗಮನ ಸೆಳೆದಿದ್ದರು.

ತಲೆ ಹೊರಳಿಸುವುದೇಕೆ? ಬಲ ಮುಂಭಾಗದಲ್ಲಿ 30 ಡಿಗ್ರಿಯಿಂದ ಬಂದ ಶಬ್ದವೂ ಬಲ ಹಿಂಭಾಗದಲ್ಲಿ 150 ಡಿಗ್ರಿಯಿಂದ ಬಂದ ಶಬ್ದವೂ ಎರಡು ಕಿವಿಗಳ ನಡುವೆ ಹೆಚ್ಚುಕಡಿಮೆ ಒಂದೇ ಕಾಲಾಂತರವನ್ನು ಉಂಟುಮಾಡುತ್ತವೆ. ತಲೆಯನ್ನು ಸ್ವಲ್ಪ ಬಲಕ್ಕೆ ತಿರುಗಿಸಿದರೆ ಮುಂದಿನ ಶಬ್ದದ ಅಂತರ ಕಡಿಮೆಯಾಗುತ್ತದೆ, ಹಿಂದಿನದರ ಅಂತರ ಹೆಚ್ಚುತ್ತದೆ. 1940ರಲ್ಲಿ ಹಾನ್ಸ್ ವಾಲಕ್ ಪ್ರಯೋಗಗಳಿಂದ ತೋರಿಸಿದ ಸಂಗತಿಯನ್ನು ನಮ್ಮ ಯಜಮಾನರು ತಂದೆಯಿಂದ ಕಲಿತಿದ್ದರು.

ಶಬ್ದವೇಧಿಯ ತಪ್ಪು

ಮೂರನೆಯ ಮಾತಿನ ಹಿಂದೆ ಒಂದು ಘಟನೆಯಿದೆ. ಯಜಮಾನರ ಚಿಕ್ಕಪ್ಪ ಒಮ್ಮೆ ಪೊದೆಯಲ್ಲಿ ಕುಳಿತು ಬಾಯಿಂದ ಗೌಜಲಿನಂತೆ ಕೂಗುತ್ತಿದ್ದರಂತೆ. ಪಕ್ಕದೂರಿನಿಂದ ಬೇಟೆಗೆ ಬಂದಿದ್ದ ಇನ್ನೊಬ್ಬ ಆ ಕೂಗನ್ನು ನಂಬಿ ಪೊದೆಗೆ ಈಡು ಹೊಡೆದ. ಚರೆ ಗುಂಡುಗಳು ತೊಡೆಗೆ ಹೊಕ್ಕವು. ಜೀವ ಉಳಿಯಿತು, ಕಾಲು ಕೊನೆಯವರೆಗೂ ಕುಂಟಾಯಿತು. "ಗುರಿ ಏನೂ ತಪ್ಪಿರ್ಲಿಲ್ಲ ಮೇಷ್ಟ್ರೇ" ಎಂದು ಯಜಮಾನರು ನಿಟ್ಟುಸಿರುಬಿಟ್ಟರು.

ದಶರಥನ ಕಥೆ ನೆನಪಾಯಿತು. ಸರಯೂ ತೀರದ ಕತ್ತಲಲ್ಲಿ ಕೊಡ ತುಂಬುವ ಸದ್ದನ್ನು ಆನೆ ನೀರು ಕುಡಿಯುವ ಸದ್ದೆಂದು ಬಗೆದು ಬಿಟ್ಟ ಬಾಣ ಶ್ರವಣಕುಮಾರನಿಗೆ ನಾಟಿತು. ಶಬ್ದವೇಧಿ ವಿದ್ಯೆ ಅಲ್ಲಿ ಸೋಲಲಿಲ್ಲ, ದಿಕ್ಕು ಕರಾರುವಾಕ್ಕಾಗಿತ್ತು. ಕಾಲಾಂತರ 'ಎಲ್ಲಿ' ಎಂಬುದನ್ನು ಹೇಳುತ್ತದೆಯೇ ಹೊರತು 'ಯಾರು' ಎಂಬುದನ್ನಲ್ಲ. (ಕೊಡ ತುಂಬುತ್ತ ಬಂದಂತೆ ಒಳಗಿನ ಗಾಳಿಯ ಗಾತ್ರ ಕುಗ್ಗಿ ಅನುರಣನೆಯ ಆವೃತ್ತಿ ಹೆಚ್ಚುತ್ತದೆ, ಸ್ವರ ಮೇಲೇರುತ್ತ ಹೋಗುತ್ತದೆ. ಇನ್ನೊಂದು ಕ್ಷಣ ಕಾದು ಆಲಿಸಿದ್ದರೆ ದೊರೆಗೆ ಅದು ಕೊಡವೆಂದು ತಿಳಿಯುತ್ತಿತ್ತೇನೋ!)

ಅಮೆರಿಕದ ಮಿಸೌರಿಯಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಇದನ್ನು ಹೇಳಿದಾಗ, ಪ್ರತಿ ಏಪ್ರಿಲ್‌ನಲ್ಲಿ ಸಹೋದ್ಯೋಗಿಗಳಿಂದ ತಾನು ಕೇಳುವುದೂ ಇದೇ ಎಂದ. ಅಲ್ಲಿ ವಸಂತಕಾಲದಲ್ಲಿ ಕಾಡಿನ ಟರ್ಕಿ ಕೋಳಿಯ ಬೇಟೆಗೆ ಪರವಾನಗಿ ಪಡೆದು ಹೋಗುತ್ತಾರೆ. ಟರ್ಕಿ, ಗೌಜಲು, ನವಿಲು, ಕಾಡುಕೋಳಿ ಎಲ್ಲ ಒಂದೇ ಗಣಕ್ಕೆ ಸೇರಿದ ನೆಲಹಕ್ಕಿಗಳು. ಮರದ ಮೇಲೆ ರಾತ್ರಿ ಕಳೆದ ಗಂಡು ಟರ್ಕಿ ನಸುಕಿನಲ್ಲಿ ಕೂಗುತ್ತದೆ, ಹೆಣ್ಣು ಅದನ್ನು ಹುಡುಕಿ ಹೋಗುವುದು ಪ್ರಕೃತಿಯ ಕ್ರಮ. ಬೇಟೆಗಾರ ಹೆಣ್ಣಿನಂತೆ ಕೂಗಿ ಗಂಡನ್ನೇ ತನ್ನ ಬಳಿಗೆ ಕರೆಸುತ್ತಾನೆ. ಗೂಬೆಯ ದನಿಗೂ ಗುಡುಗಿಗೂ ಗಂಡು ಟರ್ಕಿ ಥಟ್ಟನೆ ಕೂಗಿಬಿಡುವುದನ್ನು ಅರಿತು, ಮೊದಲು ಗೂಬೆಯಂತೆ ಕೂಗಿ ಅದು ಎಲ್ಲಿದೆಯೆಂದು ತಿಳಿದುಕೊಳ್ಳುವುದೂ ಉಂಟು. ಜ್ಞಾನಭಾರತಿ ಆವರಣದ ನವಿಲುಗಳೂ ಪಟಾಕಿ, ಗುಡುಗುಗಳಿಗೆ ಹೀಗೇ ಓಗೊಡುತ್ತವೆ.

ಹೊಸಬರಿಗೆ ಅಲ್ಲಿ ಕಲಿಸುವ ಸುರಕ್ಷತಾ ನಿಯಮಗಳು ಸ್ವಾರಸ್ಯಕರವಾಗಿವೆ. ಭುಜಕ್ಕಿಂತ ಅಗಲವಾದ ಮರಕ್ಕೆ ಬೆನ್ನು ಕೊಟ್ಟು ಕೂರಬೇಕು. ಟರ್ಕಿಯ ದನಿಯನ್ನು ಹಿಂಬಾಲಿಸಿ ನುಸುಳಿಕೊಂಡು ಹೋಗಬಾರದು, ಏಕೆಂದರೆ ಆ ದನಿ ಇನ್ನೊಬ್ಬ ಬೇಟೆಗಾರನದಿರಬಹುದು. ಧ್ವನಿಮುದ್ರಿತ ಕೂಗನ್ನು ಯಂತ್ರದಿಂದ ಹೊರಡಿಸುವುದನ್ನು ಅನೇಕ ರಾಜ್ಯಗಳು ನಿಷೇಧಿಸಿವೆ.

ಈ ಕೊನೆಯ ನಿಷೇಧ ನಮಗೂ ಸಂಬಂಧಿಸಿದ್ದು. ಬಾಯಿಂದ ಗೌಜಲಿನಂತೆ ಕೂಗಲು ವರ್ಷಗಳ ಅಭ್ಯಾಸ ಬೇಕಿತ್ತು, ಊರಿಗೊಬ್ಬರೋ ಇಬ್ಬರೋ ಅದನ್ನು ಬಲ್ಲವರು. ಇಂದು ಮೊಬೈಲಿನಲ್ಲಿ ಯಾವ ಹಕ್ಕಿಯ ಕೂಗಾದರೂ ಯಾರಿಗಾದರೂ ಸಿಗುತ್ತದೆ. ಭಾರತದ ಕಾಯಿದೆ ಕೊಲ್ಲುವುದನ್ನು ಮಾತ್ರವಲ್ಲ, ಹಿಡಿಯುವುದು, ಉರುಳು ಒಡ್ಡುವುದು, ಆಮಿಷ ಒಡ್ಡುವುದು, ಇವುಗಳಿಗೆ ಯತ್ನಿಸುವುದನ್ನೂ ಬೇಟೆ ಎಂದೇ ಪರಿಗಣಿಸುತ್ತದೆ. ಕೋವಿಯಿಲ್ಲದೆ ಕ್ಯಾಮೆರಾ ಹಿಡಿದವರೂ ಚಿತ್ರಕ್ಕಾಗಿ ಮರಿ ಮಾಡುವ ಕಾಲದಲ್ಲಿ ಧ್ವನಿಮುದ್ರಿತ ಕೂಗನ್ನು ಪದೇ ಪದೇ ಹಾಕುವುದನ್ನು ನಾನು ಕಂಡಿದ್ದೇನೆ. ಇಲ್ಲದ ಎದುರಾಳಿಯನ್ನು ಹುಡುಕುತ್ತ ಹಕ್ಕಿ ಮೇವನ್ನೂ ಗೂಡಿನ ಕಾವಲನ್ನೂ ಬಿಟ್ಟು ಅಲೆಯುತ್ತದೆ. ನಮ್ಮ ಬಯಲಿನಲ್ಲಿ ಉಳಿದಿರುವುದೇ ಒಂದೆರಡು ಜೋಡಿ. ಅದೇ ಮೊಬೈಲಿನಲ್ಲಿ ಕೂಗನ್ನು ಧ್ವನಿಮುದ್ರಿಸಿಕೊಂಡು ಯಾವ ಹಕ್ಕಿಯೆಂದು ಗುರುತಿಸುವ ಮರ್ಲಿನ್‌ನಂತಹ ತಂತ್ರಾಂಶಗಳೂ ಇವೆ. ವಿದ್ಯಾರ್ಥಿಗಳು ಬಯಲಿಗೆ ಹೋದಾಗ ಮೊಬೈಲ್ ಕೇಳಲಿ, ಕೂಗದಿರಲಿ.

ತರಗತಿಯಲ್ಲಿ ಮಾಡಿ ನೋಡಲು ಒಂದು ಪ್ರಯೋಗ. ಗಿಡಕ್ಕೆ ನೀರು ಹಾಯಿಸುವ 2 ಮೀಟರ್ ಉದ್ದದ ರಬ್ಬರ್ ನಳಿಕೆಯ ಸರಿಯಾದ ಮಧ್ಯಭಾಗವನ್ನು ಗುರುತು ಮಾಡಿ. ವಿದ್ಯಾರ್ಥಿಯೊಬ್ಬ ಕಣ್ಣು ಮುಚ್ಚಿ ಅದರ ತುದಿಗಳನ್ನು ಎರಡೂ ಕಿವಿಗೆ ಮೃದುವಾಗಿ ಹಿಡಿದುಕೊಳ್ಳಲಿ, ನಳಿಕೆ ಬೆನ್ನ ಹಿಂದೆ ಮೇಜಿನ ಮೇಲಿರಲಿ. ಪೆನ್ಸಿಲಿನಿಂದ ಮಧ್ಯದ ಆಚೀಚೆ ಮೆಲ್ಲನೆ ತಟ್ಟುತ್ತ, ಸದ್ದು ಎಡದ್ದೋ ಬಲದ್ದೋ ಎಂದು ಕೇಳಿ. ಮಧ್ಯದಿಂದ 1 ಸೆಂಟಿಮೀಟರ್ ಸರಿದರೆ ಪಥದ ಅಂತರ 2 ಸೆಂಟಿಮೀಟರ್, ಕಾಲದ ಅಂತರ ಸುಮಾರು 58 ಮೈಕ್ರೊಸೆಕೆಂಡ್. ಹೆಚ್ಚಿನವರು ಸರಿಯಾಗಿ ಹೇಳುತ್ತಾರೆ. ನನ್ನ ವಿದ್ಯಾರ್ಥಿಗಳಲ್ಲಿ ಕೆಲವರು ಅರ್ಧ ಸೆಂಟಿಮೀಟರಿಗೂ ತಪ್ಪಲಿಲ್ಲ. ಗೌಜಲಹಕ್ಕಿಯ ತಲೆ ಎಷ್ಟು ಸಣ್ಣದೆಂದು ನೆನೆಸಿಕೊಳ್ಳಿ. ಅದರ ಎರಡು ಕಿವಿಗಳ ನಡುವಿನ ದೂರವೂ ಹೆಚ್ಚುಕಡಿಮೆ ಆ 2 ಸೆಂಟಿಮೀಟರ್ ಮಾತ್ರ.